ನೀಲಿ ಬಾರದ ನೀರು

ಕಳೆದ ವಾರ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಸೋಪಿನ ಪುಡಿಯ ಹೊಸ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದಳು. ಪುಡಿ ಹಾರಿ ನನ್ನ ಮೂಗಿಗೆ ಬಡಿಯಿತು. ಈಗಿನ ಪುಡಿಗಳಿಗೆ ಮಲ್ಲಿಗೆ, ನಿಂಬೆ ಎಂದು ಏನೇನೋ ಪರಿಮಳ ಬೆರೆಸಿರುತ್ತಾರೆ. ಇದು ಅಂಗಡಿಯವನು ಬೇರೆ ಇಲ್ಲವೆಂದು ಕೊಟ್ಟ ಅಗ್ಗದ ಪುಡಿ. ಹಳೆಯ ಕಾಲದ ಹಾಗೆ ನೀಲಿ ಬಣ್ಣದ್ದು, ಬರೀ ಘಾಟಿನದು. ಎರಡು ಸಲ ಸೀನಿದೆ. ಆಮೇಲೆ ಬಚ್ಚಲ ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ.

"ಏನಾಯ್ತಮ್ಮಾ, ಕಣ್ಣಲ್ಲಿ ನೀರು?" ಎಂದಳು.

ಪುಡಿಯ ಘಾಟು ಎಂದೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ನಲವತ್ತು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಸ್ಸು ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ತಲುಪುವಷ್ಟರಲ್ಲಿ ಮುಕ್ಕಾಲು ಖಾಲಿಯಾಗುತ್ತಿದ್ದ ಕಾಲ. ಜೆ.ಪಿ. ನಗರದಲ್ಲಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆಗಳು ಅಲ್ಲೊಂದು ಇಲ್ಲೊಂದು. ಆ ಕಡೆ ಒಂದು ಕಾರ್ಖಾನೆಯ ನೌಕರರ ಕಾಲೊನಿ ಇತ್ತು. ಕಾಲೊನಿಯ ಕೊಳಚೆ ನೀರನ್ನು ಶುದ್ಧ ಮಾಡಿ ಕಾಲುವೆಗೆ ಬಿಡಲು ಒಂದು ಸಣ್ಣ ಪ್ಲಾಂಟು, ಪ್ಲಾಂಟಿನ ಮೂಲೆಯಲ್ಲಿ ಶೀಟಿನ ಮಾಡಿನ ಒಂದು ಲ್ಯಾಬು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ತೆಗೆದುಕೊಂಡ ನಾನು ಜಯನಗರದ ನಾಲ್ಕನೇ ಟಿ ಬ್ಲಾಕಿನ ಮನೆಯಿಂದ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಕೆಮಿಸ್ಟ್ ಕೆಲಸಕ್ಕೆ ಸೇರಿದ್ದೆ. ಒಂದು ವರ್ಷದ ಪ್ರೊಬೇಷನ್. ನೆಂಟರು ಕೇಳಿದರೆ ಅಮ್ಮ "ವಾಟರ್ ಲ್ಯಾಬಲ್ಲಿ ಕೆಲಸ" ಎನ್ನುತ್ತಿದ್ದಳು. ಯಾವ ನೀರು ಎಂಬುದನ್ನು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ಅಲ್ಲಿ ಟ್ಯಾಂಕುಗಳನ್ನು ನೋಡಿಕೊಳ್ಳುತ್ತಿದ್ದ ಆಪರೇಟರನ್ನು ಎಲ್ಲರೂ ಟ್ಯಾಂಕಣ್ಣ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಆಗ ಅವರಿಗೆ ನಲವತ್ತೈದು ಇದ್ದೀತು. ತೆಳ್ಳಗಿನ ಆಳು, ಖಾಕಿ ಚಡ್ಡಿ, ಮಾಸಿದ ಬನಿಯನ್, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್ ತುಂಡು. ಜರಗನಹಳ್ಳಿಯವರೇ. ಮೊದಲು ರಸ್ತೆಯ ಮ್ಯಾನ್‌ಹೋಲ್ ಗ್ಯಾಂಗಿನಲ್ಲಿದ್ದವರು, ಅಲ್ಲಿಂದ ಹೇಗೋ ಮೇಲೆ ಬಂದು ಪ್ಲಾಂಟು ಸೇರಿದ್ದರು. "ಮೇಲೆ ಬಂದೆ" ಎಂಬ ಮಾತನ್ನು ಅವರೇ ಹೇಳಿ ನಗುತ್ತಿದ್ದರು, ಗುಂಡಿಯೊಳಗಿಂದ ಹತ್ತಿ ಬಂದದ್ದನ್ನು ಕೈಯಲ್ಲಿ ತೋರಿಸುತ್ತ. ಪಂಪ್ ರೂಮಿನ ಗೋಡೆಗೆ ಬುದ್ಧನದೊಂದು ಪಟ ಹಾಕಿ ದಿನಾ ಒಂದು ಕಣಗಿಲೆ ಹೂವು ಇಡುತ್ತಿದ್ದರು. ಅಲ್ಲೇ ಸೀಮೆಎಣ್ಣೆ ಸ್ಟೋವಿನ ಮೇಲೆ ಹನ್ನೊಂದು ಗಂಟೆಗೆ ಟೀ ಕಾಯಿಸಿ ಎಲ್ಲರಿಗೂ ಕೊಡುತ್ತಿದ್ದರು. ಮೊದಲನೇ ದಿನ ನನಗೂ ಒಂದು ಲೋಟ ತಂದರು.

"ನಾನು ಟೀ ಕುಡಿಯೋದಿಲ್ಲ" ಎಂದೆ.

ಮನೆಯಲ್ಲಿ ದಿನಕ್ಕೆ ಎರಡು ಸಲ ಕುಡಿಯುತ್ತಿದ್ದೆ. ಅವರಿಗೆ ಅದು ತಿಳಿದಿತ್ತೋ ಇಲ್ಲವೋ... ಮತ್ತೆಂದೂ ತರಲಿಲ್ಲ.

ದಿನಾ ಹತ್ತು ಗಂಟೆಗೆ ಟ್ಯಾಂಕುಗಳ ನೀರಿನ ಸ್ಯಾಂಪಲ್ಲನ್ನು ಬಾಟಲಿಗಳಲ್ಲಿ ತುಂಬಿ ಲ್ಯಾಬಿಗೆ ತರುವುದು ಅವರ ಕೆಲಸ. ನಾನು ಮಾಡುತ್ತಿದ್ದ ಪರೀಕ್ಷೆಗಳಲ್ಲಿ ಫಾಸ್ಫರಸ್‌ನದೂ ಒಂದು. ಫಾಸ್ಫರಸ್ ಇರುವ ನೀರಿಗೆ ಎರಡು ಔಷಧಿ ಬೆರೆಸಿ ಹತ್ತು ನಿಮಿಷ ಬಿಟ್ಟರೆ ನೀಲಿ ಬಣ್ಣ ಬರುತ್ತದೆ. ಹೆಚ್ಚಿದ್ದಷ್ಟೂ ಗಾಢ ನೀಲಿ. ಇಲ್ಲದಿದ್ದರೆ ಬಣ್ಣವೇ ಇಲ್ಲ. ಉಳಿದ ಪರೀಕ್ಷೆಗಳ ಗೊಡವೆ ಟ್ಯಾಂಕಣ್ಣನಿಗೆ ಇರಲಿಲ್ಲ. ಇದೊಂದಕ್ಕೆ ಮಾತ್ರ ಬಾಗಿಲ ಹತ್ತಿರ, ಒಳಗೆ ಕಾಲಿಡದೆ, ಕತ್ತು ಉದ್ದ ಮಾಡಿ ನಿಂತಿರುತ್ತಿದ್ದರು.

"ನೀಲಿ ಬಂತಾ ಮೇಡಂ?"

ಪ್ರತಿದಿನ ಇದೇ ಪ್ರಶ್ನೆ. ಬಂದರೆ ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ಯಾಕೆ ಇಷ್ಟು ಕುತೂಹಲ ಎಂದು ಒಮ್ಮೆ ಕೇಳಿದೆ. ನನಗಿಂತ ಮೊದಲು ಅಲ್ಲಿದ್ದ, ಆಗಲೇ ರಿಟೈರ್ ಆಗಿದ್ದ ಕೆಮಿಸ್ಟ್ ಅವರಿಗೆ ಒಂದು ವಿಷಯ ಹೇಳಿಕೊಟ್ಟಿದ್ದರಂತೆ: ನೀಲಿ ಬರಿಸುವ ಈ ವಸ್ತುವೇ ಕೆರೆಯ ಕಳೆಗೆ ಗೊಬ್ಬರ. ನಮ್ಮ ಪ್ಲಾಂಟಿನ ಕಾಲುವೆ ಹೋಗಿ ಸೇರುತ್ತಿದ್ದದ್ದು ಅವರ ಊರಿನ ಕೆರೆಯನ್ನು. ಕಾಲೊನಿ ಬಂದ ಮೇಲೆ ಕೆರೆಯ ಮೇಲೆ ಹಸಿರು ಹಾಸು ಬೆಳೆದು ನೀರೇ ಕಾಣದಂತೆ ಮುಚ್ಚಿಹೋಗಿತ್ತು.

"ನಾನು ಈಜು ಕಲ್ತ ಕೆರೆ ಮೇಡಂ. ಈಗ ನಾನೇ ದಿನಾ ಅದಕ್ಕೆ ಗೊಬ್ರ ಬಿಡ್ತಾ ಕೂತಿದ್ದೀನಿ" ಎಂದರು.

ಇನ್ನು ಅವರ ಕರಾಮತ್ತಿನ ವಿಷಯ. ಪ್ಲಾಂಟಿನ ದೊಡ್ಡ ಟ್ಯಾಂಕಿನಲ್ಲಿ ಸಾಲಾಗಿ ಮೂರು ಕೋಣೆಗಳು. ಕೊಳಚೆ ಮೊದಲನೆಯದಕ್ಕೆ ಬಂದು ಮೂರನೆಯದರಿಂದ ಹೊರಗೆ ಹೋಗಬೇಕು. ಮೂರರಲ್ಲೂ ಬ್ಲೋವರ್‌ನಿಂದ ಗಾಳಿ ಊದಿ, ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುವಂತೆ ಮಾಡುವುದು ಪದ್ಧತಿ. ಕೊನೆಯಲ್ಲಿ ತಳಕ್ಕೆ ಕೂತ ಕೆಸರನ್ನು ಮತ್ತೆ ಮೊದಲನೇ ಕೋಣೆಗೆ ತಂದು ಸುರಿಯುತ್ತಾರೆ. ಅದೇ ಬ್ಯಾಕ್ಟೀರಿಯಾಗಳು ಮತ್ತೆ ಕೆಲಸಕ್ಕೆ. ಹೆಚ್ಚಾದ ಕೆಸರನ್ನು ಮಾತ್ರ ದಿನಾ ಒಂದಿಷ್ಟು ಹೊರತೆಗೆಯುತ್ತಾರೆ. ನಾನು ಸೇರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಕರೆಂಟು ವಿಪರೀತ ಕೈಕೊಟ್ಟಿತ್ತಂತೆ. ಜನರೇಟರಿನ ಮೇಲೆ ಒಂದೇ ಬ್ಲೋವರ್ ಓಡುತ್ತಿತ್ತು, ಮೂರು ಕೋಣೆಗೆ ಗಾಳಿ ಸಾಲದು. ಟ್ಯಾಂಕಣ್ಣ ಮೊದಲನೇ ಕೋಣೆಯ ವಾಲ್ವ್ ಮುಚ್ಚಿ, ಇದ್ದ ಗಾಳಿಯನ್ನು ಉಳಿದ ಎರಡಕ್ಕೆ ತಿರುಗಿಸಿದರು. ಕೆಲವು ವಾರಗಳಲ್ಲಿ ಹೊರಹೋಗುವ ನೀರಿನಲ್ಲಿ ನೀಲಿ ಕಡಿಮೆಯಾಗುತ್ತ ಬಂತು. ಕರೆಂಟು ಸರಿಹೋದ ಮೇಲೆ ಮೂರಕ್ಕೂ ಗಾಳಿ ಕೊಟ್ಟರೆ ನೀಲಿ ಮತ್ತೆ ಹಾಜರು. ಮುಚ್ಚಿದರೆ ಮಾಯ. ನಾನು ಸೇರಿದ ಮೇಲೂ ಕೆಲವು ತಿಂಗಳು ಹೀಗೆ ತೆಗೆದು ಮುಚ್ಚಿ ನೋಡಿ, ಕೊನೆಗೆ ಅವರು ಆ ವಾಲ್ವನ್ನು ಮುಚ್ಚಿಯೇ ಇಟ್ಟರು. ಯಾರಿಗೂ ಹೇಳಲಿಲ್ಲ, ಆಪರೇಟರ್ ಹೇಳಿದರೆ ಕೇಳುವವರು ಯಾರು?

ನನಗೆ ಹೇಳಿದರು. ನಾನು ಓದಿದವಳು, ಅರ್ಥವಾಗುತ್ತದೆ ಎಂದುಕೊಂಡು.

"ನಿಮ್ಮನೇಲಿ ಏಕಾದಶಿ ಮಾಡ್ತಾರಲ್ಲ ಮೇಡಂ? ಹಂಗೇ. ಮೊದಲನೇ ರೂಮಲ್ಲಿ ಗಾಳಿ ಇಲ್ದೆ ಉಪವಾಸ ಕೆಡವಬೇಕು. ಅಲ್ಲಿ ಇದ್ದಿದ್ದನ್ನೂ ಕಕ್ತಾವೆ. ಎರಡನೇ ರೂಮಿಗೆ ಬಂದು ಗಾಳಿ ಸಿಕ್ತು ಅನ್ನಿ, ಕಕ್ಕಿದ್ದಕ್ಕಿಂತ ಜಾಸ್ತಿ ಮುಕ್ತಾವೆ. ಆ ಕೆಸರು ತೆಗೆದು ದಾಸವಾಳದ ಗಿಡಕ್ಕೆ ಹಾಕ್ತೀನಿ. ನೋಡಿ, ಹೂವ ಹೆಂಗಿದೆ!"

ನಾನು ನಕ್ಕೆ. ತಮಾಷೆಗೆ ನಕ್ಕದ್ದಲ್ಲ, ಅವರ ಮುಖದ ಮೇಲೇ ನಕ್ಕದ್ದು. ಗಾಳಿ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸೊರಗುತ್ತದೆ ಎಂದು ನನ್ನ ಪುಸ್ತಕದಲ್ಲಿತ್ತು. ಜೊತೆಗೆ ಅವರು ತಂದ ಮೊದಲನೇ ಕೋಣೆಯ ಸ್ಯಾಂಪಲ್ಲಿನಲ್ಲಿ ಒಳಬರುವ ಕೊಳಚೆಗಿಂತಲೂ ಗಾಢವಾದ ನೀಲಿ ಬರುತ್ತಿತ್ತು. ಬಂದ ನೀರಿಗಿಂತ ಟ್ಯಾಂಕಿನ ನೀರಿನಲ್ಲಿ ಹೆಚ್ಚು ಫಾಸ್ಫರಸ್ ಎಲ್ಲಿಂದ ಬರಬೇಕು? ಕೊನೆಯ ನೀರಿನಲ್ಲಿ ಪೂರ್ತಿ ಮಾಯವಾಗಿ ಎಲ್ಲಿಗೆ ಹೋಗಬೇಕು? ಈ ಮನುಷ್ಯ ಬಾಟಲಿಗಳನ್ನು ಅದಲುಬದಲು ಮಾಡುತ್ತಿದ್ದಾನೆ, ಇಲ್ಲವೇ ಇನ್ನೇನೋ ಆಟವಾಡುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಅವರು ಕಕ್ಕುತ್ತವೆ, ಮುಕ್ಕುತ್ತವೆ ಎಂದು ಹೇಳಿದ್ದು ಈ ಎರಡು ಪ್ರಶ್ನೆಗೇ ಉತ್ತರವಾಗಿತ್ತು. ಕಿವಿಯಲ್ಲಿ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯ ಮೇಲೆ ಆಗ ಕೊಂಬು ಮೂಡಿತ್ತಲ್ಲ.

ಬಾಟಲಿ ಎಂದಾಗ ಒಂದು ವಿಷಯ ಹೇಳಬೇಕು. ಲ್ಯಾಬಿನ ಸ್ಯಾಂಪಲ್ ಬಾಟಲಿಗಳನ್ನು ಅಲ್ಲಿನ ಆಯಾ ಬರೀ ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಕೊಳಚೆ ತುಂಬಿದ ಬಾಟಲಿಗೆ ಬರೀ ನೀರೇ ಎಂದು ನನಗೆ ಹೇಸಿಗೆಯಾಯಿತು. ಮನೆಯಿಂದ ಒಂದು ಡಬ್ಬಿ ಸೋಪಿನ ಪುಡಿ ತಂದು, ದಿನಾ ಇದರಲ್ಲೇ ತೊಳೆಯಬೇಕು ಎಂದು ಅಪ್ಪಣೆ ಮಾಡಿದೆ. ಬಾಟಲಿಗಳು ಫಳಫಳ ಎಂದವು. ಲ್ಯಾಬಿಗೆ ನಾನು ಮಾಡಿದ ಮೊದಲ ಸುಧಾರಣೆ ಎಂದು ಮನೆಯಲ್ಲಿ ಹೇಳಿಕೊಂಡೆ ಕೂಡ. ಟ್ಯಾಂಕಣ್ಣ ಮಾತ್ರ ಫಾಸ್ಫರಸ್ ಪರೀಕ್ಷೆಗೆ ನೀರು ತರುವ ತಮ್ಮ ನಾಲ್ಕು ಬಾಟಲಿಗಳನ್ನು ಕೊಡಲಿಲ್ಲ. ಪಂಪ್ ರೂಮಿನ ಹಿಂದೆ ಕೂತು, ಹಿತ್ತಾಳೆ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ಕುಲುಕಿ, ಮೂರು ಸಲ ಬಿಸಿನೀರಲ್ಲಿ ಅಲುಬಿ, ಇಟ್ಟಿಗೆಯ ಮೇಲೆ ಬೋರಲು ಹಾಕುತ್ತಿದ್ದರು.

"ನಂದು ನಾನೇ ತೊಳ್ಕೋತೀನಿ ಮೇಡಂ. ನೀಲಿ ನೋಡೋ ಬಾಟ್ಲಿಗೆ ಸೋಪು ತಾಗಿಸ್ಬೇಡ ಅಂತ ಹಳೇ ಸಾರ್ ಹೇಳಿದ್ರು" ಎಂದರು.

ನನಗೆ ರೇಗಿತು. ಪರೀಕ್ಷೆ ಮಾಡುವ ಗಾಜಿನ ಫ್ಲಾಸ್ಕುಗಳನ್ನು ಆಸಿಡ್‌ನಲ್ಲಿ ತೊಳೆಯಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು, ಅವನ್ನು ನಾನು ಹಾಗೇ ತೊಳೆಯುತ್ತಿದ್ದೆ. ಆದರೆ ಬಾಟಲಿ ಎಂದರೆ ಬರೀ ನೀರು ಹೊತ್ತು ತರುವ ಪಾತ್ರೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಚಡ್ಡಿ ಹಾಕಿಕೊಂಡು ಕೆಸರಿನಲ್ಲಿ ನಿಲ್ಲುವ ಮನುಷ್ಯ ನನಗೆ ಸ್ವಚ್ಛತೆಯ ಪಾಠ ಹೇಳುತ್ತಾನೆಯೇ ಎಂದು ಒಳಗೊಳಗೇ ಕುದಿದೆ. ಈ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಅದೇ ನಿಜ.

ಪ್ಲಾಂಟಿನ ಮೇಲ್ವಿಚಾರಣೆಗೆ ಒಬ್ಬ ಇಂಜಿನಿಯರ್ ಸಾಹೇಬರಿದ್ದರು, ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಟ್ಯಾಂಕಣ್ಣ ಒಂದು ದಿನ ಧೈರ್ಯ ಮಾಡಿ ಅವರ ಮುಂದೆ ನಿಂತು, ಮೊದಲನೇ ಕೋಣೆಗೆ ಗಾಳಿ ಬೇಡವೆಂದೂ, ಹಾಗೇ ಖಾಯಂ ಮಾಡಿಕೊಡಬೇಕೆಂದೂ ಕೇಳಿದರು. ಸಾಹೇಬರಿಗೆ ತಲೆಕೆಟ್ಟುಹೋಯಿತು. ಇಷ್ಟು ದಿನ ತಮ್ಮ ಅಪ್ಪಣೆ ಇಲ್ಲದೆ ವಾಲ್ವ್ ಮುಚ್ಚಿಟ್ಟಿದ್ದನೇ ಈತ? ಬ್ಲೋವರಿಗೆ ಕೆಲಸ ಕಡಿಮೆ ಮಾಡಿ ಆರಾಮವಾಗಿ ಕೂರುವ ಉಪಾಯ ಇದು ಎಂದು ಕೂಗಾಡಿದರು. ಟ್ಯಾಂಕಣ್ಣ ನನ್ನ ಕಡೆ ತಿರುಗಿದರು.

"ಮೇಡಮ್ಮೋರ ರಿಜಿಸ್ಟರಲ್ಲಿದೆ ಸಾರ್. ಎರಡು ತಿಂಗಳಿಂದ ಕೊನೇ ನೀರಲ್ಲಿ ನೀಲಿನೇ ಬಂದಿಲ್ಲ. ಕೇಳಿ ನೋಡಿ."

ಸಾಹೇಬರು ನನ್ನನ್ನು ಕೇಳಿದರು. ಹೌದು, ರಿಜಿಸ್ಟರಿನಲ್ಲಿ ಹಾಗೇ ಇದೆ, ಆದರೆ ಸ್ಯಾಂಪಲ್ ತರುವುದು ಅವರೇ ಎಂದೆ. ಆ "ಆದರೆ" ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಸಾಹೇಬರಿಗೆ ಅಷ್ಟು ಸಾಕಾಗಿತ್ತು. "ನಾಳೆ ನೀವೇ ಹೋಗಿ ಸ್ಯಾಂಪಲ್ ತಗೊಳ್ಳಿ. ನೀಲಿ ಬರದಿದ್ರೆ ಇವನು ಹೇಳಿದ ಹಾಗೇ ಮಾಡೋಣ. ಬಂದ್ರೆ ಇವನು ವಾಪಸ್ ಗ್ಯಾಂಗಿಗೆ" ಎಂದರು.

ಟ್ಯಾಂಕಣ್ಣನ ಮುಖ ಅರಳಿತು. ನಾಳೆ ಗೆದ್ದೇಬಿಟ್ಟೆ ಎಂಬಂತೆ.

ಮಾರನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಲ್ಯಾಬಿನ ಬಾಟಲಿ ಹಿಡಿದುಕೊಂಡು ಹೋದೆ; ಪುಡಿಯಲ್ಲಿ ತೊಳೆದು ಒಣಗಿಸಿದ ಫಳಫಳ ಬಾಟಲಿ. ಅವರ ಬಾಟಲಿ ಮುಟ್ಟುವ ಪ್ರಶ್ನೆಯೇ ಇರಲಿಲ್ಲ, ಪರೀಕ್ಷೆ ಅವರ ಮೇಲೆಯೇ ತಾನೆ. ನಾನು ಮೆಟ್ಟಿಲಿನ ತುದಿಯಲ್ಲಿ ಸೀರೆ ಎತ್ತಿ ಹಿಡಿದು ಬಾಗಿ ನೀರು ತುಂಬಿಕೊಂಡೆ. ಅವರು ಪಕ್ಕದಲ್ಲಿ ಅದೇ ನೀರನ್ನು ತಮ್ಮ ಬಾಟಲಿಯಲ್ಲಿ ತುಂಬಿ, "ಇದನ್ನೂ ಇಟ್ಕೊಳ್ಳಿ ಮೇಡಂ, ಎರಡನ್ನೂ ನೋಡಿದ್ರೆ ಆಯ್ತು" ಎಂದರು. ಅದನ್ನು ತಂದು ಲ್ಯಾಬಿನ ಕಪಾಟಿನಲ್ಲಿ ಇಟ್ಟೆ. ನೋಡಲಿಲ್ಲ.

ನನ್ನ ಬಾಟಲಿಯ ನೀರಿಗೆ ಔಷಧಿ ಹಾಕಿದೆ. ಸಾಹೇಬರು ಕುರ್ಚಿಯಲ್ಲಿ, ಟ್ಯಾಂಕಣ್ಣ ಬಾಗಿಲಲ್ಲಿ. ಎರಡನೇ ನಿಮಿಷಕ್ಕೇ ನೀಲಿ ಇಣುಕಿತು. ಹತ್ತನೇ ನಿಮಿಷಕ್ಕೆ ಬಾಗಿಲಿಗೂ ಕಾಣುವಷ್ಟು ಚೆನ್ನಾಗಿ ಬಂತು.

ಅವರು ಆವತ್ತು ಮಾತ್ರ ಆ ಪ್ರಶ್ನೆ ಕೇಳಲಿಲ್ಲ.

"ಹಾಗಾದ್ರೆ ಇಷ್ಟು ದಿನ ನೀನು ತರ್ತಿದ್ದದ್ದು ನಲ್ಲಿ ನೀರು" ಎಂದೆ ನಾನು. ಅಷ್ಟು ದಿನ ನೀವು ಎನ್ನುತ್ತಿದ್ದವಳು, ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರಾದ ಮನುಷ್ಯನಿಗೆ, ಎಲ್ಲರ ಎದುರು ನೀನು ಎಂದೆ. ಬಾಯಿ ತಪ್ಪಿ ಬಂದದ್ದಲ್ಲ.

"ಇಲ್ಲ ಮೇಡಂ... ದೇವರಾಣೆ ಇಲ್ಲ..." ಎಂದರು. ಬುದ್ಧನಿಗೆ ಹೂವಿಡುವವರು ನನಗೆ ನಂಬಿಕೆ ಬರಲೆಂದು ನನ್ನ ದೇವರ ಮೇಲೆ ಆಣೆ ಇಟ್ಟರೇನೋ. "ಇನ್ನೊಂದು ಬಾಟ್ಲಿನೂ ನೋಡಿ ಮೇಡಂ, ಒಂದೇ ಒಂದ್ಸಲ."

ಸಾಹೇಬರು ಎದ್ದುಬಿಟ್ಟಿದ್ದರು. ನಾನು ಕಾಗದ ತೆಗೆದುಕೊಂಡು, ಆಪರೇಟರ್ ತಂದ ಸ್ಯಾಂಪಲ್ಲುಗಳಿಗೆ ನಲ್ಲಿ ನೀರು ಬೆರೆಸಿದಂತೆ ಕಾಣುತ್ತದೆ ಎಂದು ಬರೆದು ಸಹಿ ಮಾಡಿದೆ. ಕೊಳಚೆ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಶುದ್ಧ ಮಾಡಿದ ಮೇಲೂ ಹೋಗುವುದಿಲ್ಲ. ನಲ್ಲಿ ನೀರಿನಲ್ಲಿ ಅಷ್ಟು ಇರುವುದಿಲ್ಲ. ಅದನ್ನು ನೋಡಲು ಕಾಲು ಗಂಟೆಯೂ ಬೇಡ. ನೋಡಿದ್ದರೆ ಅದು ನಲ್ಲಿ ನೀರಲ್ಲ ಎಂದು ಅಲ್ಲೇ ತಿಳಿಯುತ್ತಿತ್ತು. ಆ ಕಾಲು ಗಂಟೆಯನ್ನು ನಾನು ಕೊಡಲಿಲ್ಲ. ಬೇರೆ ಯಾರೇ ಆಗಿದ್ದರೂ, ನಮ್ಮ ಬೀದಿಯ ಯಾವುದೋ ಅಂಕಲ್ ಆಗಿದ್ದರೆ, ಖಂಡಿತ ಕೊಡುತ್ತಿದ್ದೆ. ಅವರನ್ನು ನಂಬದಿರುವುದು ನನಗೆ ಅಷ್ಟು ಸುಲಭವಾದದ್ದು ಯಾಕೆ ಎಂಬುದು ನನಗೆ ಗೊತ್ತು. ಕುಡಿಯದ ಆ ಟೀಗೂ ಗೊತ್ತು.

ಟ್ಯಾಂಕಣ್ಣ ಮರುದಿನದಿಂದ ಮ್ಯಾನ್‌ಹೋಲ್ ಗ್ಯಾಂಗಿಗೆ ಹೋದರು. ಹೋಗುವ ಮುಂಚೆ ಮೊದಲನೇ ಕೋಣೆಯ ವಾಲ್ವನ್ನು ಸಾಹೇಬರು ಅವರ ಕೈಯಿಂದಲೇ ತೆಗೆಸಿದರು. ನಾನು ಲ್ಯಾಬಿನ ಕಿಟಕಿಯಿಂದ ನೋಡಿದೆ. ಬುದ್ಧನ ಪಟವನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಸ್ಟೋವನ್ನು ಕೈಯಲ್ಲಿ ಹಿಡಿದು ಗೇಟಿನ ಕಡೆ ನಡೆದರು. ಇಸ್ತ್ರಿಯ ಅಂಗಿ ಮತ್ತೆ ಹಾಕಿರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ತಪ್ಪು ತಿಳಿವಳಿಕೆ ಎಂದು ಹೇಳಿ ನಾನು ಹಗುರಾಗಬಹುದಿತ್ತು. ಮುಗಿಯಲಿಲ್ಲ. ಎರಡು ವಾರದ ಮೇಲೆ ಒಂದು ಬೆಳಗ್ಗೆ ಯಾವುದೋ ಲೆಕ್ಕ ಸರಿಹೋಗದೆ, ಲ್ಯಾಬಿನ ಬಾಟಲಿಯೊಂದಕ್ಕೆ ಏನೂ ಇಲ್ಲದ ಡಿಸ್ಟಿಲ್ಡ್ ವಾಟರ್ ತುಂಬಿ ಪರೀಕ್ಷೆ ಮಾಡಿದೆ. ನೀಲಿ ಬಂತು. ಇನ್ನೊಂದು ಬಾಟಲಿ. ಮತ್ತೆ ನೀಲಿ. ಮೂರನೆಯದನ್ನು ಆಸಿಡ್‌ನಲ್ಲಿ ತೊಳೆದು ಅದೇ ನೀರು ತುಂಬಿದೆ, ಬಣ್ಣವಿಲ್ಲ. ಕಿಟಕಿಯ ಮೇಲೆ ನನ್ನ ಸೋಪಿನ ಪುಡಿಯ ಡಬ್ಬಿ ಕೂತಿತ್ತು. ಸೋಪಿನ ಪುಡಿಗೆ ಫಾಸ್ಫೇಟ್ ಹಾಕುತ್ತಾರೆ ಎಂದು ನಾನು ಓದಿರಲಿಲ್ಲವೇ? ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಯಾ ಅವಸರದಲ್ಲಿ ಅರೆಬರೆ ಅಲುಬಿದ್ದರಿಂದ ಪುಡಿ ಬಾಟಲಿಯ ಗೋಡೆಗೆ ಅಂಟಿ ಒಣಗಿತ್ತು. ಆವತ್ತಿನ ನೀಲಿ ಟ್ಯಾಂಕಿನದಲ್ಲ, ನನ್ನ ಮನೆಯಿಂದ ತಂದದ್ದು.

ಕಪಾಟು ತೆಗೆದೆ. ತಕರಾರಿನ ಸ್ಯಾಂಪಲ್ಲನ್ನು ಕೆಡದಂತೆ ಔಷಧಿ ಹಾಕಿ ಒಂದು ತಿಂಗಳು ಇಡಬೇಕು ಎಂಬುದು ನಿಯಮ. ಅದನ್ನು ಮಾತ್ರ ಪಾಲಿಸಿದ್ದೆ. ಅವರ ಬಾಟಲಿಯ ನೀರನ್ನು ತೆಗೆದು ಪರೀಕ್ಷೆ ಮಾಡಿದೆ. ಹತ್ತು ನಿಮಿಷ ಕಾದೆ, ಇಪ್ಪತ್ತು ನಿಮಿಷ ಕಾದೆ. ನೀಲಿ ಬರಲಿಲ್ಲ. ಉಪ್ಪಿನಂಶವನ್ನೂ ನೋಡಿದೆ. ಅದು ನಲ್ಲಿ ನೀರಲ್ಲ.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ. ಎರಡನೇ ಕಾಗದ ಬರೆಯುವುದು. ಅದರ ಬದಲು ಸಾಹೇಬರು ಹಿಂದಿನ ವಾರ "ಪರವಾಗಿಲ್ಲ, ಚುರುಕಾಗಿದ್ದೀರಿ" ಎಂದು ಬೆನ್ನು ತಟ್ಟಿದ್ದು ನೆನಪಾಯಿತು. ಪ್ರೊಬೇಷನ್ ಮುಗಿಯಲು ಮೂರು ತಿಂಗಳಿತ್ತು. ಚಿನ್ನದ ಪದಕದ ಹುಡುಗಿಗೆ ಬಾಟಲಿ ತೊಳೆಯಲು ಬರುವುದಿಲ್ಲ, ಅದು ಬರುತ್ತಿದ್ದದ್ದು ಚಡ್ಡಿಯ ಆಪರೇಟರಿಗೆ ಎಂದು ನನ್ನ ಕೈಯಾರೆ ಬರೆದುಕೊಡಬೇಕು. ಆಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ, ಸೋಮವಾರ ಹೇಳೋಣ ಎಂದುಕೊಂಡೆ. ತಿಂಗಳು ತುಂಬಿದ ದಿನ ಆ ಬಾಟಲಿಯ ನೀರನ್ನು ಸಿಂಕಿಗೆ ಸುರಿದೆ. ಯಾರೂ ಸುರಿಯಲು ಹೇಳಿರಲಿಲ್ಲ. ಸುರಿದು, ನಲ್ಲಿ ತಿರುಗಿಸಿ, ನೀರು ಬಿಟ್ಟು ತೊಳೆದೆ. ಸೋಪಿನ ಪುಡಿಯ ಡಬ್ಬಿಯನ್ನು ಮನೆಗೆ ತೆಗೆದುಕೊಂಡು ಹೋದೆ. ಆಯಾ ಯಾಕಮ್ಮಾ ಎಂದದ್ದಕ್ಕೆ ಕೈ ಉರಿಯುತ್ತದಂತಲ್ಲ ನಿನಗೆ ಎಂದೆ.

ನನ್ನ ಕೆಲಸ ಖಾಯಂ ಆಯಿತು. ಕೆಲವು ವರ್ಷ ಕಳೆದು ಬೇರೆ ಒಳ್ಳೆಯ ಲ್ಯಾಬೂ ಸಿಕ್ಕಿತು. ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅಲ್ಲಿನ ಲೈಬ್ರರಿಯಲ್ಲಿ ಹೊರದೇಶದ ಒಂದು ಪತ್ರಿಕೆ ತಿರುವುತ್ತಿದ್ದೆ. ಕೊಳಚೆಯಿಂದ ಫಾಸ್ಫರಸ್ ತೆಗೆಯುವ ಬ್ಯಾಕ್ಟೀರಿಯಾಗಳ ಬಗ್ಗೆ ಲೇಖನ. ಜೊತೆಗೊಂದು ಟ್ಯಾಂಕಿನ ಚಿತ್ರ. ಮೊದಲನೇ ಕೋಣೆಗೆ ಬೇಕೆಂದೇ ಗಾಳಿ ಇಲ್ಲ. ಅಲ್ಲಿ ಆ ಬ್ಯಾಕ್ಟೀರಿಯಾಗಳು ತಮ್ಮೊಳಗೆ ಕೂಡಿಟ್ಟ ಫಾಸ್ಫರಸ್ಸನ್ನು ಹೊರಗೆ ಬಿಟ್ಟು ಆಹಾರ ಹಿಡಿದುಕೊಳ್ಳುತ್ತವೆ. ಗಾಳಿ ಇರುವ ಕೋಣೆಗೆ ಬಂದ ಮೇಲೆ ಬಿಟ್ಟದ್ದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತವೆ. ಕೆಸರನ್ನು ತೆಗೆದರೆ ಫಾಸ್ಫರಸ್ಸೂ ಹೋಯಿತು. ಉಪವಾಸ, ಪಾರಣೆ, ಕೊನೆಗೆ ದಾಸವಾಳ. ಪುಟ ಮುಚ್ಚಿ ಎದ್ದು ಹೊರಗೆ ಬಂದುಬಿಟ್ಟೆ.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ತರಕಾರಿ ತೆಗೆದುಕೊಂಡು ಬಸ್ ಸ್ಟಾಂಡಿನ ಕಡೆ ಹೋಗುತ್ತಿದ್ದೆ. "ಮೇಡಂ" ಎಂದು ಯಾರೋ ಕರೆದರು. ಟ್ಯಾಂಕಣ್ಣ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಕಣ್ಣು ಮಂಜಾಗಿತ್ತು. ನಾನು ಹೆದರಿದೆ, ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಆಸೆಪಟ್ಟೆ. ಅವರು ಚೆನ್ನಾಗಿದ್ದೀರಾ ಎಂದು ಕೇಳಿದರು, ಮದುವೆ ಆಯ್ತಾ ಎಂದರು, ನನ್ನ ಭಾರದ ಬ್ಯಾಗನ್ನು ಕೇಳದೆಯೇ ಕೈಯಿಂದ ತೆಗೆದುಕೊಂಡು ಬಸ್ಸಿನ ತನಕ ಹಿಡಿದುಕೊಂಡು ಬಂದರು.

"ಒಂದು ಕೇಳ್ಬೇಕು ಅಂತಿದ್ದೆ ಮೇಡಂ" ಎಂದರು. "ಆವತ್ತು ನೀಲಿ ಯಾಕೆ ಬಂತೋ ಇವತ್ತಿಗೂ ಗೊತ್ತಾಗ್ಲಿಲ್ಲ. ನಾನೇನೂ ನೀರು ಬೆರೆಸಿರ್ಲಿಲ್ಲ, ನೀವು ನಂಬಿ ಬಿಡಿ. ಭದ್ರ ಇರ್ಲಿ ಅಂತ ಹಿಂದಿನ ದಿನ ಆ ವಾಲ್ವು ತೆಗೆದು ಮತ್ತೆ ಮುಚ್ಚಿದ್ದೆ, ಸರಿಯಾಗಿ ತಿರುಗಿಸ್ಲಿಲ್ವೇನೋ ನಾನು. ಅಲ್ವಾ? ಖುಷೀಲಿ ಅರ್ಧ ತಿರುಗಿಸಿ ಬಂದ್ಬಿಟ್ಟೆ ಅನ್ಸತ್ತೆ."

ಬಸ್ಸು ಬಂದು ನಿಂತಿತು. ನಾನು ಬ್ಯಾಗಿಗೆ ಕೈ ಚಾಚಿದೆ.

"ಇರಬಹುದು" ಎಂದೆ.

ಬಸ್ಸು ಹತ್ತಿ ಕೂತೆ. ಅವರು ಕಿಟಕಿಯ ಕೆಳಗೆ ನಿಂತು ಕೈ ಮುಗಿದರು. ಬಸ್ಸು ತಿರುಗುವವರೆಗೂ... ನಾನು ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತಿದ್ದೆ. ಕಾಗದ ಬರೆದದ್ದು ತಪ್ಪು, ಬಾಟಲಿ ಸುರಿದದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಆ ಒಂದು ಮಾತಿನಷ್ಟು ನೀಚ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ಕಳೆದ ವಾರ ಆ ಪುಡಿಯ ಘಾಟು ಮೂಗಿಗೆ ಬಡಿದ ಮಾರನೆಯ ದಿನ ಆಟೋ ಹಿಡಿದು ಜರಗನಹಳ್ಳಿಗೆ ಹೋದೆ. ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಟ್ಯಾಂಕಣ್ಣ ಎಂದ ಮೇಲೆ ಹಳಬರೊಬ್ಬರು ಬಾಡಿಗೆ ಮನೆಗಳ ಮಧ್ಯದ ಒಂದು ಓಣಿ ತೋರಿಸಿದರು. ಬಾಗಿಲು ತೆಗೆದವಳು ಮಗಳು, ಅವಳಿಗೇ ಐವತ್ತರ ಹತ್ತಿರ. ಗೋಡೆಯ ಮೇಲೆ ಬುದ್ಧನ ಅದೇ ಪಟ, ಪಕ್ಕದಲ್ಲಿ ಹಾರ ಹಾಕಿದ ಅಪ್ಪನ ಫೋಟೋ. ಹೋಗಿ ಹನ್ನೆರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ.

"ಲ್ಯಾಬ್ ಮೇಡಮ್ಮಾ? ಅಪ್ಪ ಹೇಳ್ತಿದ್ರು ನಿಮ್ಮನ್ನ. ಕೂತ್ಕೊಳ್ಳಿ ಆಂಟಿ. ಕುಡಿಯೋಕೆ ಏನು ಕೊಡ್ಲಿ, ನೀವು ಟೀ ಕುಡಿಯಲ್ಲ ಅಲ್ವಾ?"

ಕುಡಿಯುತ್ತೇನೆ ಎಂದೆ. ಅವಳು ಒಳಗೆ ಹೋಗಿ ಸ್ಟೋವ್ ಹಚ್ಚುತ್ತ, ಅಪ್ಪನ ಬಗ್ಗೆ ಅಲ್ಲಿಂದಲೇ ಮಾತಾಡಿದಳು. ರಿಟೈರ್ ಆದ ಮೇಲೆ ಮನೆಯಲ್ಲಿ ಅಪ್ಪನದೊಂದು ಕಾಟವಂತೆ. ಗ್ಯಾಸ್ ಆರಿಸಿದರೆ ಬಂದು ಮೂರು ಸಲ ತಿರುಗಿಸಿ ನೋಡಬೇಕು. ನಲ್ಲಿ ನಿಲ್ಲಿಸಿದರೆ ಮೂರು ಸಲ. ಮಲಗಿದವರು ಎದ್ದು ಬಂದು ನೋಡುತ್ತಿದ್ದರಂತೆ. "ನಾವು ನಗ್ತಿದ್ವಿ. ಒಂದೇ ಒಂದ್ಸಲ ಸರಿಯಾಗಿ ತಿರುಗಿಸ್ಲಿಲ್ಲ ಕಣವ್ವ, ಅದಕ್ಕೇ ಎಲ್ಲಾ ಹೋಯ್ತು, ಕೆರೆನೂ ಹೋಯ್ತು ಅನ್ನೋರು. ಆಸ್ಪತ್ರೇಲೂ ಕೊನೇ ದಿನ ಕೈ ಹಿಂಗೇ ತಿರುಗಿಸ್ತಾ ಇದ್ರು ಆಂಟಿ."

ಅವಳು ಲೋಟ ತಂದು ಕೊಟ್ಟಳು. ನಾನು ಹೇಳಿದೆ. ಪುಡಿ, ಬಾಟಲಿ, ಕಪಾಟು, ಸಿಂಕು, ಬಸ್ ಸ್ಟಾಂಡು, ಒಂದನ್ನೂ ಬಿಡದೆ. ವಾಲ್ವು ಸರಿಯಾಗಿ ಮುಚ್ಚಿತ್ತು, ನಿಮ್ಮಪ್ಪ ಏನೂ ತಪ್ಪು ಮಾಡಿರಲಿಲ್ಲ, ಅವರು ಕಂಡುಕೊಂಡದ್ದು ಸರಿಯಾಗಿತ್ತು ಎಂದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ತನ್ನ ಅಂಗೈಯನ್ನು ನೋಡಿಕೊಂಡಳು.

"ನನಗ್ಯಾಕೆ ಹೇಳ್ತಿದ್ದೀರಾ ಆಂಟಿ," ಎಂದಳು. "ಇದನ್ನ ಕೇಳ್ಬೇಕಾಗಿದ್ದೋರು ಅವ್ರು."

ಟೀ ಆರಿಹೋಗಿತ್ತು. ಪೂರ್ತಿ ಕುಡಿದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲನ್ನು ನಾನೇ ಎಳೆದುಕೊಂಡು ಬಂದೆ. ಒಳಗೆ ನಲ್ಲಿ ಹರಿಯುತ್ತಿತ್ತು, ಆಮೇಲೆ ನಿಂತಿತು. ನಿಂತ ನಲ್ಲಿಯನ್ನು ಅವಳು ಇನ್ನೊಮ್ಮೆ ತಿರುಗಿಸಿದ ಸದ್ದು ಓಣಿಗೆ ಕೇಳಿಸಿತು.